ದುಡಿಮೆಯು ಕಾಯಕವಾದ ಬಗೆ: ಫ್ರೆಡರಿಕ್ ಡಗ್ಲಾಸರ ಜೀವನಚರಿತ್ರೆ

ಲೋಕದಲ್ಲಿ ದುಡಿಯದ ಪ್ರಾಣಿಯಿಲ್ಲ. ಎತ್ತು ನೊಗ ಹೊರುತ್ತದೆ. ಇರುವೆ ಕಾಳು ಕೂಡಿಡುತ್ತದೆ. ಗಾಣಕ್ಕೆ ಕಟ್ಟಿದ ಕೋಣ ಹಗಲೆಲ್ಲ ಸುತ್ತುತ್ತದೆ. ಆದರೆ ಇವುಗಳ ದುಡಿಮೆಯನ್ನು ಶಿವಶರಣರು ಕಾಯಕವೆಂದು ಕರೆಯಲಿಲ್ಲ. ಅರಿತು ಒಪ್ಪಿ ಮಾಡಿದ ದುಡಿಮೆ, ಸತ್ಯಶುದ್ಧವಾದ ದುಡಿಮೆ, ತನ್ನ ಫಲವನ್ನು ತನ್ನ ಕೈಯಾರೆ ದಾಸೋಹಕ್ಕೆ ಸಲ್ಲಿಸಬಲ್ಲವನ ದುಡಿಮೆ ಮಾತ್ರವೇ ಕಾಯಕವೆನಿಸಿಕೊಳ್ಳುತ್ತದೆ. ಹಾಗಾದರೆ, ನಿನ್ನ ದೇಹವೇ ನಿನ್ನದಲ್ಲವೆಂದು ರಾಜ್ಯದ ಕಾನೂನು ವಿಧಿಸಿದಾಗ, ಬೆವರು ತನ್ನದಾಗಿ ಅದರ ಫಲವೆಲ್ಲ ಪರರದಾದಾಗ, ಮನುಷ್ಯನು ಕಾಯಕವಂತನಾಗುವುದೆಂತು? ಈ ಪ್ರಶ್ನೆಗೆ ಗ್ರಂಥದಿಂದಲ್ಲದೆ ತನ್ನ ಬಾಳಿನಿಂದಲೇ ಉತ್ತರ ಕೊಟ್ಟ ಮಹಾಪುರುಷನೊಬ್ಬನು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೇರಿಕಾ ದೇಶದಲ್ಲಿ ಆಗಿಹೋದನು. ಆತನ ಹೆಸರು ಫ್ರೆಡರಿಕ್ ಡಗ್ಲಾಸ್.

ಆ ದೇಶದ ಅಂದಿನ ಸ್ಥಿತಿಯನ್ನು ಮೊದಲು ತಿಳಿಯಬೇಕು. 1619ರಲ್ಲಿ ವರ್ಜೀನಿಯಾ ಎಂಬ ಆಂಗ್ಲರ ವಸಾಹತಿಗೆ ಆಫ್ರಿಕಾದ ಕಪ್ಪು ಜನರನ್ನು ಹಡಗಿನಲ್ಲಿ ತಂದು ಮಾರಿದರು. 1662ರಲ್ಲಿ ಅದೇ ವರ್ಜೀನಿಯಾದಲ್ಲಿ, ತಾಯಿಯು ಗುಲಾಮಳಾಗಿದ್ದರೆ ಹುಟ್ಟಿದ ಕೂಸೂ ಗುಲಾಮನೇ ಎಂಬ ಕಾನೂನಾಯಿತು. ತಂದೆಯು ಬಿಳಿಯ ಒಡೆಯನೇ ಆಗಿದ್ದರೂ ಮಗುವಿಗೆ ಬಿಡುಗಡೆಯಿಲ್ಲ; ತನ್ನ ಮಗನನ್ನೇ ತಾನು ಸಂತೆಯಲ್ಲಿ ಮಾರಿಕೊಳ್ಳಲು ಅಡ್ಡಿಯಿಲ್ಲ! ಹೊರದೇಶದಿಂದ ಗುಲಾಮರನ್ನು ತರುವುದು 1808ರಲ್ಲಿ ನಿಷಿದ್ಧವಾದರೂ ಒಳನಾಡಿನ ಮಾರಾಟ ನಿಲ್ಲಲಿಲ್ಲ. ಹೊಗೆಸೊಪ್ಪು, ಹತ್ತಿ, ಕಬ್ಬುಗಳ ಹೊಲಗಳಲ್ಲಿ ಚಾವಟಿಯ ಅಡಿಯಲ್ಲಿ ದುಡಿಯುವ ಈ ಜನರ ಸಂಖ್ಯೆ 1860ರ ಹೊತ್ತಿಗೆ ಸುಮಾರು 40 ಲಕ್ಷಕ್ಕೆ ಏರಿದ್ದಿತು. ಎಲ್ಲ ಮನುಷ್ಯರೂ ಸಮಾನರೆಂದು 1776ರಲ್ಲಿಯೇ ಸಾರಿದ ದೇಶವದು.

ಇಂಥ ನಾಡಿನ ಮೇರಿಲೆಂಡ್ ಸಂಸ್ಥಾನದ ಟಾಲ್ಬಟ್ ಪ್ರಾಂತದಲ್ಲಿ 1818ರ ಫೆಬ್ರುವರಿಯಲ್ಲಿ ಫ್ರೆಡರಿಕ್ ಹುಟ್ಟಿದನು. ಹುಟ್ಟಿದ ತಿಥಿಯನ್ನು ಯಾರೂ ಅವನಿಗೆ ಹೇಳಲಿಲ್ಲ. ಕುದುರೆಗೆ ತನ್ನ ವಯಸ್ಸು ತಿಳಿಯಬೇಕಾಗಿಲ್ಲವಾದಂತೆ ಗುಲಾಮನಿಗೂ ತಿಳಿಯಬೇಕಾಗಿಲ್ಲವೆಂಬುದು ಒಡೆಯರ ಭಾವನೆ. ತಂದೆಯು ಯಾರೋ ಬಿಳಿಯನೆಂಬ ಮಾತು ಮಾತ್ರ ಕಿವಿಗೆ ಬೀಳುತ್ತಿದ್ದಿತು. ತಾಯಿ ಹ್ಯಾರಿಯೆಟ್ ಬೇಲಿಯನ್ನು ಹನ್ನೆರಡು ಮೈಲಿ ದೂರದ ಹೊಲಕ್ಕೆ ದುಡಿಯಲು ಕಳುಹಿಸಿದ್ದರು. ಹಗಲು ದುಡಿದು ದಣಿದ ಆಕೆ ರಾತ್ರಿ ನಡೆದು ಬಂದು, ಮಗನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ಅವನು ಕಣ್ಣು ತೆರೆಯುವ ಮೊದಲೇ ಹಿಂದಿರುಗುವಳು. ಅಂಥ ಭೇಟಿಗಳು ನಾಲ್ಕೈದಾದರೆ ಹೆಚ್ಚು. ಅವನಿಗೆ ಏಳು ವರ್ಷವಾಗುವ ವೇಳೆಗೆ ಆಕೆ ತೀರಿಕೊಂಡಳು. ಸಾಕಿದವಳು ಅಜ್ಜಿ ಬೆಟ್ಸಿ. ಒಡೆಯನ ಅಪ್ಪಣೆಯಂತೆ ಅವಳೇ ಆರು ವರ್ಷದ ಮೊಮ್ಮಗನನ್ನು ಕೈಹಿಡಿದು ನಡೆಸಿಕೊಂಡು ಹೋಗಿ, ಕರ್ನಲ್ ಲಾಯ್ಡ್ ಎಂಬ ಧನಿಕನ ದೊಡ್ಡ ತೋಟದಲ್ಲಿ ಅವನು ಆಟಕ್ಕೆ ನಿಂತ ಸಮಯ ನೋಡಿ, ಹೇಳದೆ ಹಿಂದಿರುಗಬೇಕಾಯಿತು.

ಆ ತೋಟದಲ್ಲಿ ಮಕ್ಕಳ ಊಟವೆಂದರೆ ಗೋವಿನ ಜೋಳದ ಹಿಟ್ಟಿನ ಅಂಬಲಿ. ಅದನ್ನು ಮರದ ಬಾನಿಯಲ್ಲಿ ಸುರಿದು ನೆಲದ ಮೇಲಿಡುವರು. ಮಕ್ಕಳು ಹಂದಿಮರಿಗಳಂತೆ ಮುತ್ತಿ, ಚಿಪ್ಪಿನಿಂದಲೋ ಬರಿಗೈಯಿಂದಲೋ ಬಾಚಿಕೊಳ್ಳುವರು. ಮೈಗೆ ಮೊಳಕಾಲು ಮುಟ್ಟುವ ಒರಟು ಬಟ್ಟೆಯ ಅಂಗಿಯೊಂದೇ. ಚಳಿಗಾಲದ ರಾತ್ರಿ ಫ್ರೆಡರಿಕನು ಜೋಳದ ಗೋಣಿಚೀಲವೊಂದರಲ್ಲಿ ತಲೆ ತೂರಿಸಿ ನೆಲದ ಮೇಲೆ ಮಲಗುತ್ತಿದ್ದನು. ಹೊರಗುಳಿದ ಪಾದಗಳು ಹಿಮಕ್ಕೆ ಒಡೆದು ಬಿರುಕು ಬಿಡುತ್ತಿದ್ದವು.

1826ರಲ್ಲಿ ಅವನನ್ನು ಬಾಲ್ಟಿಮೋರ್ ಪಟ್ಟಣದ ಹ್ಯೂ ಆಲ್ಡ್ ಎಂಬವನ ಮನೆಗೆ, ಅವನ ಚಿಕ್ಕ ಮಗನನ್ನು ನೋಡಿಕೊಳ್ಳಲು ಕಳುಹಿಸಿದರು. ಮನೆಯೊಡತಿ ಸೋಫಿಯಾ ಅದುವರೆಗೆ ಗುಲಾಮರನ್ನು ಇಟ್ಟುಕೊಂಡವಳಲ್ಲ. ಸ್ವಂತ ಕೈಯಿಂದ ನೇಯ್ದು ಬದುಕಿದ್ದವಳು. ಹುಡುಗನ ಜಾಣತನಕ್ಕೆ ಮೆಚ್ಚಿ ಅಕ್ಷರಾಭ್ಯಾಸಕ್ಕೆ ತೊಡಗಿದಳು. ಇದನ್ನು ತಿಳಿದ ಗಂಡನು ಕೂಡಲೆ ತಡೆದನು. ಓದು ಬಂದ ಗುಲಾಮನು ಗುಲಾಮನಾಗಿ ಉಳಿಯಲಾರನು, ಅವನು ಯಾವ ಕೆಲಸಕ್ಕೂ ಬಾರದವನಾಗುವನು ಎಂದು ಹೆಂಡತಿಗೆ ತಿಳಿಯಹೇಳಿದನು. ಆ ಮಾತು ಬಾಲಕನ ಕಿವಿಗೂ ಬಿದ್ದಿತು. ಬಿಳಿಯರು ಕಪ್ಪು ಜನರನ್ನು ಕಟ್ಟಿಹಾಕಿದ ಬೀಗದ ಕೀಲಿಕೈ ಎಲ್ಲಿದೆಯೆಂಬುದು ಅವನಿಗೆ ಆ ಕ್ಷಣದಲ್ಲಿ ಹೊಳೆದುಹೋಯಿತು. ಬೇಡವೆಂದವನೇ ಅರಿಯದೆ ಗುರುವಾದನು.

ಮುಂದೆ ಸೋಫಿಯಾಳ ಮನಸ್ಸೂ ಕಲ್ಲಾಯಿತು. ಒಡೆತನವು ಆಳನ್ನು ಕೆಡಿಸುವಂತೆ ಒಡೆಯನನ್ನೂ ಕೆಡಿಸುತ್ತದೆಂಬುದನ್ನು ಫ್ರೆಡರಿಕನು ಆಕೆಯಲ್ಲಿ ಕಣ್ಣಾರೆ ಕಂಡನು. ಆದರೆ ಹತ್ತಿದ ಕಿಡಿ ನಂದಲಿಲ್ಲ. ಬೀದಿಯ ಬಡ ಬಿಳಿಯ ಹುಡುಗರಿಗೆ ರೊಟ್ಟಿಯ ತುಂಡು ಕೊಟ್ಟು ಬದಲಿಗೆ ಪಾಠ ಹೇಳಿಸಿಕೊಂಡನು. ಹಡಗು ಕಟ್ಟುವ ಕಟ್ಟೆಯಲ್ಲಿ ಬಡಗಿಗಳು ದಿಮ್ಮಿಗಳ ಮೇಲೆ ಗುರುತಿಗಾಗಿ ಬರೆದ ಅಕ್ಷರಗಳನ್ನು ನೋಡಿ ಬರೆಯಲು ಕಲಿತನು. ಬೇಲಿ, ಗೋಡೆ, ಬೀದಿಯ ಕಲ್ಲುಹಾಸುಗಳೇ ಅವನ ಪಾಟಿ, ಸೀಮೆಸುಣ್ಣವೇ ಬಳಪ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಬೂಟುಗಳಿಗೆ ಬಣ್ಣ ತಿಕ್ಕಿ ಗಳಿಸಿದ ಅರ್ಧ ಡಾಲರು ಕೊಟ್ಟು ಭಾಷಣಗಳ ಸಂಗ್ರಹವೊಂದನ್ನು ಕೊಂಡನು. ಅದರಲ್ಲಿ ಒಡೆಯನಿಗೂ ಗುಲಾಮನಿಗೂ ನಡೆದ ಸಂವಾದವೊಂದಿದ್ದಿತು. ಗುಲಾಮನ ಯುಕ್ತಿಗೆ ಸೋತು ಒಡೆಯನು ಅವನನ್ನು ಬಿಡುಗಡೆ ಮಾಡುತ್ತಾನೆ. ಹುಡುಗನು ಅದನ್ನು ಮತ್ತೆ ಮತ್ತೆ ಓದಿದನು.

ಇದೇ ಪಟ್ಟಣದಲ್ಲಿ ಲಾಸನ್ ಎಂಬ ಕಪ್ಪು ಮುದುಕನೊಬ್ಬನಿದ್ದನು. ಬಂಡಿ ಹೊಡೆಯುವುದು ಅವನ ಕೆಲಸ. ಬಂಡಿ ಹೊಡೆಯುತ್ತಲೇ ಪ್ರಾರ್ಥನೆ ಮಾಡುವುದು ಅವನ ರೂಢಿ. ಫ್ರೆಡರಿಕನು ಅವನಿಗೆ ಧರ್ಮಗ್ರಂಥದ ಅಕ್ಷರಗಳನ್ನು ಓದಿ ತೋರುವನು. ಮುದುಕನು ಅವನಿಗೆ ಅದರ ಅಂತರಾರ್ಥವನ್ನು ತಿಳಿಸುವನು. ನೀನು ದೊಡ್ಡ ಕೆಲಸಕ್ಕಾಗಿ ಹುಟ್ಟಿದವನೆಂಬ ಧೈರ್ಯವನ್ನು ಹುಡುಗನಲ್ಲಿ ಮೊದಲು ತುಂಬಿದವನು ಈ ಬಂಡಿಕಾರನೇ. ಗುರುತ್ವಕ್ಕೆ ಕುಲವೂ ಪಾಂಡಿತ್ಯವೂ ಬೇಕಿಲ್ಲವೆಂಬುದಕ್ಕೆ ಇನ್ನಾವ ನಿದರ್ಶನ ಬೇಕು?

ಈ ನಡುವೆ 1827ರಲ್ಲಿ ಮೊದಲಿನ ಒಡೆಯನ ಆಸ್ತಿಯ ಹಂಚಿಕೆಯಾಯಿತು. ಕುದುರೆ, ಹಂದಿ, ಕುರಿಗಳ ಸಾಲಿನಲ್ಲಿಯೇ ಮುದುಕರನ್ನೂ ಮಕ್ಕಳನ್ನೂ ನಿಲ್ಲಿಸಿ ಬೆಲೆ ಕಟ್ಟಿದರು. ಫ್ರೆಡರಿಕನು ಹ್ಯೂ ಆಲ್ಡನ ಅಣ್ಣನಾದ ಥಾಮಸ್ ಆಲ್ಡನ ಪಾಲಿಗೆ ಬಂದನು. ಕೆಲವು ವರ್ಷ ಬಾಲ್ಟಿಮೋರಿನಲ್ಲಿಯೇ ಉಳಿದು, 1833ರಲ್ಲಿ ಸೇಂಟ್ ಮೈಕೆಲ್ಸ್ ಎಂಬ ಊರಿಗೆ ಆ ಒಡೆಯನ ಬಳಿಗೆ ಹೋಗಬೇಕಾಯಿತು.

ಇಲ್ಲಿ ನಡೆದ ಸಂಗತಿಯನ್ನು ಭಕ್ತರಾದವರು ಗಮನವಿಟ್ಟು ಕೇಳಬೇಕು. ಥಾಮಸ್ ಆಲ್ಡನು ಊರ ಹೊರಗೆ ನಡೆದ ದೊಡ್ಡ ಧಾರ್ಮಿಕ ಸಮ್ಮೇಳನಕ್ಕೆ ಹೋಗಿ, ಅಲ್ಲಿ ಕಣ್ಣೀರಿಟ್ಟು, ದೈವಭಕ್ತನಾಗಿ ಮರಳಿದನು. ಇನ್ನು ಇವನು ಗುಲಾಮರನ್ನು ಬಿಡುಗಡೆ ಮಾಡಿಯಾನು, ಅಲ್ಲವಾದರೆ ಹೊಟ್ಟೆತುಂಬ ಕೂಳನ್ನಾದರೂ ಹಾಕಿಯಾನು ಎಂದು ಫ್ರೆಡರಿಕನು ಆಸೆಪಟ್ಟನು. ಆದುದು ಬೇರೆ. ಮನೆಯಲ್ಲಿ ಬೆಳಗು ಬೈಗು ಪ್ರಾರ್ಥನೆ ನಡೆಯಿತು; ಧರ್ಮಬೋಧಕರು ಬಂದು ಉಂಡು ಹೋದರು; ಅಡಿಗೆಮನೆಯ ಗುಲಾಮರು ಹಸಿದೇ ಇದ್ದರು. ಬಾಲ್ಯದಲ್ಲಿ ಬೆಂಕಿಗೆ ಬಿದ್ದು ಕೈಗಳು ಸೊಟ್ಟಾದ ಹೆನ್ನಿ ಎಂಬ ಅಬಲೆಯನ್ನು ಕಟ್ಟಿಹಾಕಿ, ಬಾಯಲ್ಲಿ ಧರ್ಮವಾಕ್ಯವನ್ನು ಹೇಳುತ್ತ ಚಾವಟಿಯಿಂದ ಹೊಡೆದನು. ಮೊದಲು ತನ್ನ ಕ್ರೌರ್ಯಕ್ಕೆ ಸ್ವಭಾವವೊಂದೇ ಆಸರೆಯಾಗಿದ್ದಿತು. ಈಗ ಶಾಸ್ತ್ರವೂ ಆಸರೆಯಾಯಿತು. ಕಪ್ಪು ಮಕ್ಕಳಿಗೆ ಭಾನುವಾರ ಅಕ್ಷರ ಕಲಿಸಲು ಫ್ರೆಡರಿಕನು ಕೂಡಿಸಿದ ಶಾಲೆಯ ಮೇಲೆ ಊರ ಧರ್ಮಮುಖಂಡರೇ ಬಡಿಗೆ ಹಿಡಿದು ಬಿದ್ದರು.

ತಲೆಬಾಗದ ಈ ಯುವಕನನ್ನು 1834ರ ಜನವರಿಯಲ್ಲಿ ಎಡ್ವರ್ಡ್ ಕೋವಿ ಎಂಬವನ ಹೊಲಕ್ಕೆ ಒಂದು ವರ್ಷದ ಮಟ್ಟಿಗೆ ಒಪ್ಪಿಸಲಾಯಿತು. ಹೋರಿಗಳನ್ನು ಪಳಗಿಸುವಂತೆ ಗುಲಾಮರನ್ನು ಪಳಗಿಸುವುದರಲ್ಲಿ ಕೋವಿಗೆ ಹೆಸರಿದ್ದಿತು. ಅವನೂ ತನ್ನ ಪಂಥದಲ್ಲಿ ಮುಖಂಡನೇ. ಮುಂಜಾನೆಯೂ ಸಂಜೆಯೂ ಮನೆಮಂದಿಯನ್ನೆಲ್ಲ ಕೂಡಿಸಿ ಪ್ರಾರ್ಥಿಸುವನು. ತನಗೆ ರಾಗ ಬಾರದುದರಿಂದ ಸ್ತೋತ್ರವನ್ನು ಎತ್ತಿಕೊಡಲು ಫ್ರೆಡರಿಕನಿಗೆ ಹೇಳುವನು. ಹಗಲಿನಲ್ಲಿ ಜೋಳದ ಪೈರಿನ ನಡುವೆ ತೆವಳಿ ಬಂದು ಆಳುಗಳ ಮೇಲೆ ಎರಗುವನು. ಅದಕ್ಕಾಗಿ ಅವರು ಅವನಿಗೆ ಹಾವೆಂದು ಅಡ್ಡಹೆಸರಿಟ್ಟಿದ್ದರು. ಆರು ತಿಂಗಳ ಕಾಲ ವಾರವಾರವೂ ಬಿದ್ದ ಹೊಡೆತಕ್ಕೆ ಫ್ರೆಡರಿಕನ ಮೈಯೂ ಮನವೂ ಕುಗ್ಗಿದವು. ಓದುವ ಆಸೆ ಅಳಿಯಿತು. ರಜೆಯ ದಿನ ಮರದಡಿ ಪಶುವಿನಂತೆ ಬಿದ್ದುಕೊಳ್ಳುವನು. ಆಗಸ್ಟ್ ತಿಂಗಳ ಒಂದು ದಿನ ಕೋವಿಯು ಹಗ್ಗ ಹಿಡಿದು ಕಟ್ಟಲು ಬಂದಾಗ, ಹದಿನಾರರ ಯುವಕನು ಏನಾದರಾಗಲಿ ಎಂದು ಅವನ ಕೊರಳನ್ನು ಹಿಡಿದು ನಿಂತನು. ಸುಮಾರು ಎರಡು ಗಂಟೆ ಕಾಲ ನಡೆದ ಆ ಸೆಣಸಾಟದಲ್ಲಿ ಕೋವಿಯು ಸೋತನು. ಅಂದಿನಿಂದ ಅವನು ಫ್ರೆಡರಿಕನ ಮೈಮುಟ್ಟಲಿಲ್ಲ. ಅಂದು ದೇಹದಿಂದ ಗುಲಾಮನಾಗಿಯೇ ಉಳಿದರೂ ಒಳಗಿನ ಗುಲಾಮನು ಸತ್ತನು. ಬಿಡುಗಡೆಯು ಮೊದಲು ಅಂತರಂಗದಲ್ಲಿ ನಡೆದು, ಆಮೇಲೆ ಬಹಿರಂಗಕ್ಕೆ ಬಂದಿತು.

ಮರುವರ್ಷ ಇನ್ನೊಬ್ಬನ ಹೊಲದಲ್ಲಿದ್ದಾಗ ಅವನು ಗುಟ್ಟಾಗಿ ಮತ್ತೆ ಪಾಠಶಾಲೆ ತೆರೆದನು. ನಲವತ್ತಕ್ಕೂ ಹೆಚ್ಚು ಗುಲಾಮರು ಸಿಕ್ಕಿಬಿದ್ದರೆ ಚಾವಟಿಯೇಟೆಂದು ತಿಳಿದೂ ಅಕ್ಷರಕ್ಕಾಗಿ ಬಂದರು. 1836ರಲ್ಲಿ ಕೆಲವು ಗೆಳೆಯರೊಡನೆ ಓಡಿಹೋಗಲು ಹೂಡಿದ ಹೂಟವು ಬಯಲಾಗಿ ಸೆರೆಮನೆ ಸೇರಿದನು. ದಕ್ಷಿಣಕ್ಕೆ ಮಾರಿಬಿಡುವರೆಂದು ಎಲ್ಲರೂ ತಿಳಿದಿದ್ದಾಗ, ಥಾಮಸ್ ಆಲ್ಡನು ಅವನನ್ನು ಮರಳಿ ಬಾಲ್ಟಿಮೋರಿಗೆ ಕಳುಹಿಸಿದನು.

ಅಲ್ಲಿ ಹಡಗಿನ ಹಲಗೆಗಳ ಸಂದಿಗೆ ನಾರು ತುಂಬಿ ನೀರು ನುಗ್ಗದಂತೆ ಬಿಗಿಯುವ ಕಸುಬನ್ನು ಕಲಿತನು. ಕಲಿಯುವಾಗ ಬಿಳಿಯ ಕೆಲಸಗಾರರು ಕೂಡಿ ಕಣ್ಣು ಬಾತುಹೋಗುವಂತೆ ಬಡಿದರು. ಕಪ್ಪು ಮನುಷ್ಯನ ಸಾಕ್ಷ್ಯ ಬಿಳಿಯನ ವಿರುದ್ಧ ನಡೆಯದಾದುದರಿಂದ ನ್ಯಾಯ ಸಿಗಲಿಲ್ಲ. ಕಸುಬು ಕೈಗೂಡಿದ ಮೇಲೆ ದಿನಕ್ಕೆ ಒಂದೂವರೆ ಡಾಲರಿನವರೆಗೂ ಸಂಬಳ ಬರತೊಡಗಿತು. ಕೆಲಸ ಹುಡುಕಿದವನು, ದುಡಿದವನು, ಸಂಬಳ ಎಣಿಸಿಕೊಂಡವನು ಫ್ರೆಡರಿಕ್. ಆದರೆ ಶನಿವಾರ ಸಂಜೆ ಅದನ್ನೆಲ್ಲ ಹ್ಯೂ ಆಲ್ಡನ ಕೈಯಲ್ಲಿಡಬೇಕು. ಆರು ಡಾಲರು ತಂದುಕೊಟ್ಟ ವಾರ ಅವನು ಮೆಚ್ಚಿ ಕೆಲವೊಮ್ಮೆ ಆರು ಸೆಂಟು, ಎಂದರೆ ನೂರರಲ್ಲೊಂದು ಭಾಗವನ್ನು ಹಿಂದಕ್ಕೆ ಕೊಡುವನು. ಈ ಉಡುಗೊರೆಯೇ ಫ್ರೆಡರಿಕನನ್ನು ಹೆಚ್ಚು ಕುದಿಸಿತು. ಒಂದು ಭಾಗವನ್ನು ಹಿಂದಿರುಗಿಸಿದವನು ಇಡಿಯಾಗಿ ಅದು ಯಾರದೆಂಬುದನ್ನು ತಾನೇ ಒಪ್ಪಿಕೊಂಡಂತಾಯಿತೆಂದು ಅವನು ಬಗೆದನು.

1838ರ ಸೆಪ್ಟೆಂಬರ್ 3ರಂದು ಫ್ರೆಡರಿಕನು ನಾವಿಕನ ಉಡುಪು ತೊಟ್ಟು, ಸ್ವತಂತ್ರ ನಾವಿಕನೊಬ್ಬನ ಗುರುತಿನ ಕಾಗದವನ್ನು ಎರವಲು ಪಡೆದು, ಉಗಿಬಂಡಿ ಹತ್ತಿದನು. ಕಾಗದದಲ್ಲಿ ಬರೆದ ಚಹರೆ ಅವನದಕ್ಕೆ ಹೊಂದುತ್ತಿರಲಿಲ್ಲ. ಕೇಳಿದ ಅಧಿಕಾರಿ ದಿಟ್ಟಿಸಿ ನೋಡಿದ್ದರೆ ಎಲ್ಲವೂ ಮುಗಿಯುತ್ತಿದ್ದಿತು. ಇಪ್ಪತ್ತನಾಲ್ಕು ಗಂಟೆಯೊಳಗೆ ಅವನು ನ್ಯೂಯಾರ್ಕ್ ಮುಟ್ಟಿದನು. ಈ ಪಯಣಕ್ಕೆ ನೆರವಾದವಳು ಬಾಲ್ಟಿಮೋರಿನಲ್ಲಿ ಮನೆಗೆಲಸ ಮಾಡಿಕೊಂಡಿದ್ದ ಸ್ವತಂತ್ರ ಕಪ್ಪು ಕನ್ಯೆ ಆನ್ನಾ ಮರೆ. ಆಕೆ ಹಿಂದಿನಿಂದ ಬಂದು ಸೇರಿದಳು. ಸೆಪ್ಟೆಂಬರ್ 15ರಂದು ಅವರ ವಿವಾಹವಾಯಿತು. ಇಬ್ಬರೂ ಮ್ಯಾಸಚೂಸೆಟ್ಸಿನ ನ್ಯೂ ಬೆಡ್‌ಫರ್ಡ್ ಎಂಬ ಬಂದರಿಗೆ ಹೋಗಿ ನೆಲಸಿದರು. ಹಿಡಿಯುವವರ ಕಣ್ಣು ತಪ್ಪಿಸಲು ಅಲ್ಲಿ ಫ್ರೆಡರಿಕ್ ಬೇಲಿ ಎಂಬ ಹೆಸರು ಹೋಗಿ ಫ್ರೆಡರಿಕ್ ಡಗ್ಲಾಸ್ ಎಂಬ ಹೆಸರು ನಿಂತಿತು.

ಆ ಊರಿನಲ್ಲಿ ಡಗ್ಲಾಸರು ಒಂದು ಮನೆಯ ಮುಂದೆ ರಾಶಿಬಿದ್ದ ಕಲ್ಲಿದ್ದಲನ್ನು ಕಂಡು, ಅದನ್ನು ಒಳಗೆ ಹೊತ್ತುಹಾಕಲು ಅಪ್ಪಣೆ ಬೇಡಿದರು. ಕೆಲಸ ಮುಗಿದಾಗ ಮನೆಯೊಡತಿಯು ಅವರ ಕೈಯಲ್ಲಿ ಅರ್ಧ ಡಾಲರಿನ ಎರಡು ಬೆಳ್ಳಿಯ ನಾಣ್ಯಗಳನ್ನಿಟ್ಟಳು. ಅದನ್ನು ಕಸಿದುಕೊಳ್ಳಲು ಯಾವ ಒಡೆಯನೂ ಇಲ್ಲ! ಈ ಕೈಗಳು ತನ್ನವು, ಈ ಗಳಿಕೆಯೂ ತನ್ನದು ಎಂಬ ಅರಿವಿನಿಂದ ಅವರ ಎದೆ ತುಂಬಿಬಂದಿತು. ಕಲ್ಲಿದ್ದಲು ಹೊರುವ ಆ ಕೆಲಸ ಹಿಂದೆ ಮಾಡಿದ ಕೆಲಸಗಳಿಗಿಂತ ಹಗುರವೇನಲ್ಲ. ಆದರೆ ಅಂದು ಮೊದಲ ಸಲ ಅವರ ದುಡಿಮೆಯು ಕಾಯಕವಾಯಿತು. ಬಿಳಿಯ ಕೆಲಸಗಾರರು ಹಡಗುಕಟ್ಟೆಯಲ್ಲಿ ತಮ್ಮೊಡನೆ ದುಡಿಯಗೊಡದಿದ್ದಾಗ ಅವರು ಕಲಿತ ಕಸುಬನ್ನು ಬಿಟ್ಟು ಸೌದೆ ಸೀಳಿದರು, ನೆಲ ಅಗೆದರು, ಮೂಟೆ ಹೊತ್ತರು, ಯಾವುದಕ್ಕೂ ನಾಚಲಿಲ್ಲ.

ಪ್ರಾರ್ಥನೆಗೆಂದು ಆ ಊರಿನ ಬಿಳಿಯರ ಚರ್ಚಿಗೆ ಅವರು ಹೋದರು. ಪವಿತ್ರ ಪ್ರಸಾದವನ್ನು ಹಂಚುವಾಗ ಬಿಳಿಯರೆಲ್ಲ ಕೊಂಡು ಮುಗಿದ ಮೇಲೆ, ಮೂಲೆಯಲ್ಲಿ ಕಾದಿದ್ದ ಕಪ್ಪು ಜನರನ್ನು ಬೋಧಕನು ಕರೆದನು. ದೇವರಿಗೆ ಪಕ್ಷಪಾತವಿಲ್ಲವೆಂಬ ಉಪದೇಶವನ್ನೂ ಜೊತೆಗೆ ಕೊಟ್ಟನು. ಡಗ್ಲಾಸರು ಎದ್ದು ಹೊರಗೆ ನಡೆದರು. ಪ್ರಸಾದದಲ್ಲಿ ಭೇದವೆಣಿಸಿದೆಡೆ ಪ್ರಸಾದವಿಲ್ಲ. ಅವರು ದೇವರನ್ನು ಬಿಡಲಿಲ್ಲ. ಕಪ್ಪು ಜನರದೇ ಆದ ಸಣ್ಣ ಚರ್ಚನ್ನು ಸೇರಿ, ಅಲ್ಲಿ ಬೋಧಕರೂ ಆದರು.

1841ರ ಆಗಸ್ಟಿನಲ್ಲಿ ನಾನ್‌ಟಕೆಟ್ ದ್ವೀಪದಲ್ಲಿ ಗುಲಾಮಗಿರಿಯ ವಿರೋಧಿಗಳ ಸಭೆ ಸೇರಿದ್ದಿತು. ವಿಲಿಯಂ ಲಾಯ್ಡ್ ಗ್ಯಾರಿಸನ್ ಎಂಬ ಮುಖಂಡರ ಎದುರಿನಲ್ಲಿ ಡಗ್ಲಾಸರು ನಡುಗುವ ದನಿಯಲ್ಲಿ ತಮ್ಮ ಬಾಳಿನ ಕಥೆಯನ್ನು ಹೇಳಿದರು. ಸಭೆ ಬೆರಗಾಯಿತು. ಅಂದಿನಿಂದ ವಾಕ್ಕೇ ಅವರ ಕಾಯಕವಾಯಿತು. ಊರೂರು ತಿರುಗಿದರು, ಕಲ್ಲೇಟು ತಿಂದರು, 1843ರಲ್ಲಿ ಇಂಡಿಯಾನಾದಲ್ಲಿ ಪುಂಡರ ಹೊಡೆತಕ್ಕೆ ಬಲಗೈ ಮುರಿಯಿತು. ಇಷ್ಟು ಸೊಗಸಾಗಿ ಮಾತನಾಡುವವನು ಗುಲಾಮನಾಗಿದ್ದಿರಲಾರನೆಂದು ಜನ ಸಂಶಯಪಟ್ಟಾಗ, 1845ರಲ್ಲಿ ಒಡೆಯರ ಹೆಸರನ್ನೂ ಊರನ್ನೂ ಮರೆಮಾಚದೆ ತಮ್ಮ ಚರಿತ್ರೆಯನ್ನು ಬರೆದು ಪ್ರಕಟಿಸಿದರು. ಸೆರೆಹಿಡಿಯುವ ಭಯದಿಂದ ಐರ್ಲೆಂಡ್, ಇಂಗ್ಲೆಂಡ್‌ಗಳಿಗೆ ಹೋದರು. ಅಲ್ಲಿನ ಸ್ನೇಹಿತರು 1846ರಲ್ಲಿ 150 ಪೌಂಡು ಕೂಡಿಸಿ ಕಾನೂನಿನಂತೆ ಅವರ ಬಿಡುಗಡೆಯನ್ನು ಕೊಂಡುಕೊಟ್ಟರು. ಪತಿಯು ಪರದೇಶದಲ್ಲಿದ್ದಾಗ ಸಾಧ್ವಿ ಆನ್ನಾ ಪಾದರಕ್ಷೆಗಳ ಹೊಲಿಗೆಯಿಂದ ಮಕ್ಕಳನ್ನು ಸಾಕಿದಳು. ಆ ಗಳಿಕೆಯಲ್ಲಿಯೇ ಗುಲಾಮರ ವಿಮೋಚನೆಯ ನಿಧಿಗೂ ಪಾಲು ತೆಗೆದಿಟ್ಟಳು.

1847ರಲ್ಲಿ ರಾಚೆಸ್ಟರ್ ಪಟ್ಟಣದಿಂದ ಉತ್ತರ ಧ್ರುವತಾರೆಯ ಹೆಸರಿನಲ್ಲಿ ಪತ್ರಿಕೆಯನ್ನು ಹೊರಡಿಸಿದರು. ರಾತ್ರಿ ಓಡಿಬರುವ ಗುಲಾಮರಿಗೆ ದಾರಿ ತೋರುವುದು ಆ ನಕ್ಷತ್ರವೇ. ಅವರ ಮನೆಯೂ ಅಂಥವರಿಗೆ ತಂಗುದಾಣವಾಯಿತು; ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಆನ್ನಾ ಉಣಬಡಿಸಿ, ಕೆನಡಾಕ್ಕೆ ಸಾಗಿಸುವ ಏರ್ಪಾಡು ನಡೆಯುತ್ತಿದ್ದಿತು. 1848ರಲ್ಲಿ ಸೆನೆಕಾ ಫಾಲ್ಸ್ ಎಂಬಲ್ಲಿ ಸೇರಿದ ಸ್ತ್ರೀಯರ ಹಕ್ಕಿನ ಸಭೆಯಲ್ಲಿ, ಸ್ತ್ರೀಗೂ ಮತದಾನವಿರಬೇಕೆಂಬ ನಿರ್ಣಯವನ್ನು ಎತ್ತಿಹಿಡಿದು ಮಾತನಾಡಿದರು.

1861ರಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತು. 1863ರ ಜನವರಿ 1ರಂದು ಅಧ್ಯಕ್ಷ ಲಿಂಕನರ ವಿಮೋಚನಾ ಘೋಷಣೆ ಹೊರಬಿದ್ದಿತು. ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಲು ಡಗ್ಲಾಸರು ಹಗಲಿರುಳು ದುಡಿದರು. ತಮ್ಮ ಇಬ್ಬರು ಮಕ್ಕಳನ್ನೇ ಮೊದಲು ಕಳುಹಿಸಿದರು. ಆದರೆ ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರು, ಕಪ್ಪು ಸಿಪಾಯಿಗೆ ಬಟ್ಟೆಯ ಲೆಕ್ಕ ಕಳೆದು ಕೈಗೆ 7 ಡಾಲರು. ಡಗ್ಲಾಸರು ಅದೇ ವರ್ಷದ ಆಗಸ್ಟಿನಲ್ಲಿ ನೇರವಾಗಿ ಲಿಂಕನರನ್ನು ಕಂಡು ಈ ಅನ್ಯಾಯವನ್ನು ಮುಂದಿಟ್ಟರು. ಮರುವರ್ಷ ಸಮಾನ ಸಂಬಳದ ಕಾನೂನಾಯಿತು. 1865ರ ಡಿಸೆಂಬರಿನಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿಯಿಂದ ಗುಲಾಮಗಿರಿಯು ಕೊನೆಗಂಡಿತು. 1870ರಲ್ಲಿ ಕಪ್ಪು ಗಂಡಸರಿಗೆ ಮತದ ಹಕ್ಕು ಬಂದಿತು.

ಸರಪಳಿ ಕಳಚಿದರೂ ನೆಲವು ಹಳೆಯ ಒಡೆಯರದೇ ಆಗಿ ಉಳಿಯಿತು. ಕೋರಿನ ಪಾಲು, ಅಂಗಡಿಯ ಸಾಲ, ಸುಳ್ಳು ಲೆಕ್ಕಗಳಿಂದ ಬಡವರ ದುಡಿಮೆ ಮತ್ತೆ ಪರರ ಪಾಲಾಗುವುದನ್ನು 1888ರಲ್ಲಿ ದಕ್ಷಿಣ ಪ್ರಾಂತಗಳಲ್ಲಿ ಕಂಡ ಡಗ್ಲಾಸರು, ಈ ಬಿಡುಗಡೆ ಹೆಸರಿಗಷ್ಟೇ ಎಂದು ಸಾರ್ವಜನಿಕವಾಗಿ ಖಂಡಿಸಿದರು. ರಾಜಧಾನಿಯಲ್ಲಿ ಉನ್ನತ ಅಧಿಕಾರಗಳು ದೊರೆತು, ಹೈಟಿ ದೇಶಕ್ಕೆ ರಾಯಭಾರಿಯಾಗಿ ಹೋದರೂ ಅವರ ನಾಲಿಗೆ ಮೊಂಡಾಗಲಿಲ್ಲ. ಆನ್ನಾ 1882ರಲ್ಲಿ ತೀರಿಕೊಂಡರು. 1884ರಲ್ಲಿ ಹೆಲೆನ್ ಪಿಟ್ಸ್ ಎಂಬ ಬಿಳಿಯ ವಿದ್ಯಾವಂತೆಯನ್ನು ವಿವಾಹವಾದಾಗ ಎರಡೂ ಕಡೆಯವರು ನಿಂದಿಸಿದರು. ವರ್ಣಭೇದವನ್ನು ಮಾತಿನಲ್ಲಿ ಅಳಿದು ನಡೆಯಲ್ಲಿ ಉಳಿಸಿಕೊಳ್ಳುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

ಅವರ ಬಾಳಿನ ಒಂದು ಘಟನೆಯನ್ನು ಇಲ್ಲಿ ಮರೆಯಲಾಗದು. 1877ರಲ್ಲಿ, ಓಡಿಬಂದು ಮೂವತ್ತೊಂಬತ್ತು ವರ್ಷಗಳಾಗುತ್ತಿದ್ದಾಗ, ಮರಣಶಯ್ಯೆಯಲ್ಲಿದ್ದ ಹಳೆಯ ಒಡೆಯ ಥಾಮಸ್ ಆಲ್ಡನನ್ನು ಕಾಣಲು ಡಗ್ಲಾಸರು ಸೇಂಟ್ ಮೈಕೆಲ್ಸಿಗೆ ಹೋದರು. ಗುಲಾಮನಾಗಿ ಬಿಟ್ಟ ಊರಿಗೆ ರಾಜಧಾನಿಯ ಉನ್ನತಾಧಿಕಾರಿಯಾಗಿ ಬಂದಿದ್ದರು. ನಡುಗುವ ಕೈಯನ್ನು ಹಿಡಿದಾಗ ಇಬ್ಬರ ಕಣ್ಣಲ್ಲೂ ನೀರು ತುಂಬಿತು. ಅಜ್ಜಿಯನ್ನು ಮುಪ್ಪಿನಲ್ಲಿ ಬೀದಿಪಾಲು ಮಾಡಿದೆಯೆಂದು 1848ರಲ್ಲಿ ಬಹಿರಂಗಪತ್ರದಲ್ಲಿ ತಾವು ಹೊರಿಸಿದ್ದ ಆರೋಪವು ನಿಜವಲ್ಲವೆಂದೂ, ಆಲ್ಡನು ಆಕೆಯನ್ನು ಕರೆತಂದು ಕೊನೆತನಕ ನೋಡಿಕೊಂಡನೆಂದೂ ತಿಳಿದು, ಡಗ್ಲಾಸರು ತಮ್ಮ ತಪ್ಪನ್ನು ಅವನೆದುರು ಒಪ್ಪಿಕೊಂಡರು. ಗುಲಾಮಗಿರಿಯನ್ನು ಅವರು ಕಡೆಯವರೆಗೂ ಕ್ಷಮಿಸಲಿಲ್ಲ, ಮನುಷ್ಯನನ್ನು ಕ್ಷಮಿಸಿದರು. ತಾನು ಹುಟ್ಟಿದ್ದು ಎಂದು ಎಂಬ ಪ್ರಶ್ನೆಯನ್ನು ಅಂದು ಅವನಲ್ಲಿ ಕೇಳಿದರು. 1818ರ ಫೆಬ್ರುವರಿ ಇರಬೇಕೆಂದು ಮುದುಕನು ನೆನಪಿಸಿಕೊಂಡು ಹೇಳಿದನು. ಅರವತ್ತರ ಸಮೀಪದಲ್ಲಿ ಆ ಮನುಷ್ಯನಿಗೆ ತನ್ನ ವಯಸ್ಸು ತಿಳಿದಂತಾಯಿತು.

1895ರ ಫೆಬ್ರುವರಿ 20ರಂದು ಹಗಲೆಲ್ಲ ಸ್ತ್ರೀಯರ ಹಕ್ಕಿನ ಸಭೆಯಲ್ಲಿದ್ದು, ಸಂಜೆ ಮನೆಗೆ ಬಂದು, ಪತ್ನಿಗೆ ಆ ದಿನದ ಸುದ್ದಿಯನ್ನು ಹೇಳುತ್ತಿರುವಾಗಲೇ ಡಗ್ಲಾಸರು ಕುಸಿದು ಪ್ರಾಣಬಿಟ್ಟರು. ದುಡಿಯುತ್ತಲೇ ಬಂದ ಮರಣವದು.

ಈ ಚರಿತ್ರೆಯಿಂದ ಗೃಹಸ್ಥರಾದ ಭಕ್ತರು ಕಲಿಯಬೇಕಾದುದೇನು? ಥಾಮಸ್ ಆಲ್ಡನ ಮನೆಯಲ್ಲಿ ಪ್ರಾರ್ಥನೆಗೆ ಕೊರತೆಯಿರಲಿಲ್ಲ. ಕೋವಿಯ ಮನೆಯಲ್ಲಿ ಸ್ತೋತ್ರಕ್ಕೆ ಕೊರತೆಯಿರಲಿಲ್ಲ. ಪರರ ಬೆವರನ್ನು ಉಂಡು ಮಾಡಿದ ಆ ಪೂಜೆಗೆ ಆಚಾರದ ಬೇರಿರಲಿಲ್ಲ. ಗುಲಾಮರ ಸಂತೆ ಮುಗಿದು ನೂರೈವತ್ತು ವರ್ಷಗಳು ಕಳೆದಿವೆ. ಆದರೆ ದುಡಿದವನ ಕೈಗೆ ದುಡಿಮೆಯ ಫಲ ಪೂರ್ತಿಯಾಗಿ ಸೇರಿದೆಯೇ ಎಂಬ ಪ್ರಶ್ನೆ ಮುಗಿದಿಲ್ಲ. ನಮ್ಮ ಹೊಲದಲ್ಲಿ ಕಳೆ ಕಿತ್ತವರ, ನಮ್ಮ ಅಂಗಳ ಗುಡಿಸಿದವರ, ನಮ್ಮ ಅಂಗಡಿಯಲ್ಲಿ ಮೂಟೆ ಹೊತ್ತವರ ಕೂಲಿಯನ್ನು ನಾಳೆಗೆ ತಳ್ಳಿ, ನೂರರಲ್ಲೊಂದು ಭಾಗವನ್ನು ಹಬ್ಬದ ಉಡುಗೊರೆಯಾಗಿ ಕೊಟ್ಟು ಧರ್ಮಿಷ್ಠರೆನಿಸಿಕೊಳ್ಳುವುದು ಎಷ್ಟು ಸುಲಭ! ಅವರ ಮಗುವಿನ ಅಕ್ಷರಕ್ಕೆ ನಮ್ಮಿಂದ ನೆರವಾಯಿತೇ, ಅಡ್ಡಿಯಾಯಿತೇ ಎಂಬುದನ್ನೂ ನೋಡಿಕೊಳ್ಳಬೇಕು. ಇಷ್ಟಲಿಂಗವನ್ನು ಅಂಗೈಯಲ್ಲಿ ಇರಿಸಿಕೊಳ್ಳುವ ಮುನ್ನ, ಆ ಅಂಗೈಯಲ್ಲಿ ಇನ್ನೊಬ್ಬರ ಗಳಿಕೆ ಉಳಿದಿಲ್ಲವಷ್ಟೇ ಎಂದು ಒಮ್ಮೆ ನೋಡಿಕೊಂಡವನ ಪೂಜೆಯೇ ಪೂಜೆ. ಅಂಥವನ ಮನೆಯ ದಾಸೋಹವೇ ದಾಸೋಹ.